ಜೂಜಿನ ಮನೆಯೂ ಕಾನೂನಿನ ಕೈಯೂ

ಧರ್ಮರಾಯನು ದ್ಯೂತದಲ್ಲಿ ರಾಜ್ಯವನ್ನು ಸೋತ ಕಥೆಯನ್ನು ಬಯಲಾಟದಲ್ಲಿ ಕಂಡು ಕಣ್ಣೀರಿಟ್ಟ ಸೀಮೆ ನಮ್ಮದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತಿನ ಊರುಗಳಲ್ಲಿ ಆ ಆಟ ಮುಗಿದು ಬೆಳಗಾದರೆ, ಹೊರಗಣ ಹುಣಸೆಯ ತೋಪಿನಲ್ಲಿ ಇಸ್ಪೀಟಿನ ಎಲೆಗಳು ಬೀಳುತ್ತಿದ್ದುದೂ ಉಂಟು. ಈ ಜೂಜನ್ನು ಕಾನೂನು ಹಿಡಿಯಲೆತ್ನಿಸಿದ ಬಗೆಯನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಲ್ಲಿ 1930ರ ಜೂಜು ಕಾಯಿದೆಯಿತ್ತು. ಏಕೀಕರಣದ ತರುವಾಯ, 1963ರ ಪೊಲೀಸ್ ಕಾಯಿದೆಯು ರಾಜ್ಯಕ್ಕೆಲ್ಲ ಒಂದೇ ಕಟ್ಟಳೆಯನ್ನು ತಂದಿತು. ಎರಡಕ್ಕೂ ಆಧಾರ ಸ್ಥಳವೇ. ಜೂಜಿಗೆಂದು ಇಟ್ಟ ಮನೆ, ಹಾಸು, ಎಲೆ, ಪಣದ ಹಣ ಸಿಕ್ಕರೆ ಅಪರಾಧವೂ ಸಿಕ್ಕಂತೆ. ಮನೆ ನಡೆಸಿದವನಿಗೂ ಆಡಿದವನಿಗೂ ಶಿಕ್ಷೆ. ಕೌಶಲದ ಆಟಕ್ಕೆ ಮಾತ್ರ ವಿನಾಯಿತಿ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಎಣಿಸಿತು.

ಮೊಬೈಲು ಬಂದ ಮೇಲೆ ಆ ಆಧಾರವೇ ಕುಸಿಯಿತು. ಹೊಲದ ಬದುವಿನಲ್ಲಿ ಕುಳಿತವನ ಅಂಗೈಯೇ ಜೂಜಿನ ಮನೆಯಾದರೆ ಪೊಲೀಸರು ದಾಳಿಯಿಡುವುದೆಲ್ಲಿ? ತೋಪಿನಲ್ಲಿ ಸೋತವನನ್ನು ಯಾರಾದರೂ ರಟ್ಟೆ ಹಿಡಿದು ಎಬ್ಬಿಸಿ ಮನೆಗೆ ಕಳುಹುತ್ತಿದ್ದರು. ಈಗ ಶೇಂಗಾ ಮಾರಿದ ಹಣ ಒಂದಿರುಳಿನಲ್ಲಿ ಕರಗಿದರೂ ಪಕ್ಕದಲ್ಲಿ ಮಲಗಿದ ಮಡದಿಗೆ ತಿಳಿಯದು.

2021ರಲ್ಲಿ ರಾಜ್ಯವು 1963ರ ಕಾಯಿದೆಯನ್ನು ತಿದ್ದಿ, ಕೌಶಲದ ವಿನಾಯಿತಿಯನ್ನು ಬದಿಗಿರಿಸಿ, ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಕೌಶಲವನ್ನೂ ಅದೃಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದು ತೀರ್ಪಿನ ತಾತ್ಪರ್ಯ.

2025ರ ಆಗಸ್ಟಿನಲ್ಲಿ ಸಂಸತ್ತು ಬೇರೆ ದಾರಿ ಹಿಡಿಯಿತು. ಕೌಶಲವೋ ಅದೃಷ್ಟವೋ ಎಂದು ಕೇಳದೆ, ಆನ್‌ಲೈನಿನಲ್ಲಿ ಹಣದ ಆಟ ಒದಗಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡವನ್ನು ವಿಧಿಸಿತು. ಜಾಹೀರಾತು ಮಾಡುವವರಿಗೂ ಹಣ ಸಾಗಿಸಿಕೊಡುವವರಿಗೂ ಶಿಕ್ಷೆಯುಂಟು, ಆಡಿದವನಿಗೆ ಇಲ್ಲ. ಈ ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳೂ ಸುಪ್ರೀಂ ಕೋರ್ಟಿನ ಮುಂದೆ ಹೋದವು.

ಹಳೆಯ ಕಾಯಿದೆಗಳಿಗೆ ಸೋತವನೂ ಅಪರಾಧಿಯಾಗಿದ್ದನು. ಹೊಸದಕ್ಕೆ ಅವನು ಬಲಿಯಾದವನು. ಶತಮಾನದ ಈ ದಾರಿಯಲ್ಲಿ ನನಗೆ ದೊಡ್ಡದಾಗಿ ಕಾಣುವ ತಿರುವು ಇದೇ. ಶಿಕ್ಷೆಯ ಭಯವಿಲ್ಲದಿದ್ದರೆ ಸೋತವನು ಸಾಲ ಬೆಳೆಯುವ ಮೊದಲೇ ಮನೆಯವರ ಮುಂದೆ ಬಾಯಿಬಿಟ್ಟಾನು. ಆಗ ಅವನನ್ನು ಹಂಗಿಸದೆ ಕೇಳಿಸಿಕೊಳ್ಳುವ ಹೊಣೆ ಮಾತ್ರ ಯಾವ ಶಾಸನದ್ದೂ ಅಲ್ಲ, ನಮ್ಮದು.