ಮಣ್ಣಿಗೆ ಕಟ್ಟಿದ ಆಣೆ: ಬಾಗಲಕೋಟೆ ಸೀಮೆಯ ಸರ್ವೆ ದಾಖಲೆಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಭೂಕಂದಾಯದ ಮಾತು ಬಂದಾಗ ಶಾಸನಗಳ ಮತ್ತರು ಎಂಬ ಅಳತೆಗೆ, ಸಿದ್ಧಾಯ, ಅರುವಣ ಎಂಬ ತೆರಿಗೆಗಳಿಗೆ ಸಲ್ಲುವ ಗೌರವ ಬ್ರಿಟಿಷ್ ಕಾಲದ ಮುಂಬಯಿ ಸರಕಾರದ ಸರ್ವೆ ಪುಸ್ತಕಗಳಿಗೆ ಸಲ್ಲುವುದಿಲ್ಲ. ಕಂದಾಯ ಎತ್ತಲು ಬರೆದ ಈ ಪುಸ್ತಕಗಳು ಇಲ್ಲಿಯ ಮಣ್ಣಿನ ಚರಿತ್ರೆಗೆ ಶಾಸನಗಳಷ್ಟೇ ದೊಡ್ಡ ಆಕರ ಎಂಬುದು ನನ್ನ ವಾದ.

1818ರಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಬಾದಾಮಿ ಕೋಟೆ ಹಿಡಿದ ಮೇಲೆ ಸೀಮೆ ಪೇಶ್ವೆಯರ ಕೈತಪ್ಪಿತು. ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದ ಊರುಗಳಿಗೆ ಮುಂದೆ ಸರ್ವೆಯ ಅಳತೆ ಸರಪಳಿ ಬಂತು. ಅದರ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಎಕರೆ. ಇಂದಿನ ಪಹಣಿ ಉತಾರದಲ್ಲಿರುವುದೂ ಇದೇ ಅಳತೆ.

ಅಳತೆಗಿಂತ ಕುತೂಹಲದ್ದು ಮಣ್ಣಿನ ಪ್ರತವಾರಿ, ಅಂದರೆ ಗುಣ ನೋಡಿ ವರ್ಗ ಕಟ್ಟುವುದು. ಸರ್ವೆ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಆರಂಭಿಸಿ, 1847ರ ಜಂಟಿ ವರದಿಯಲ್ಲಿ ಖಚಿತಗೊಳಿಸಿದ ಪದ್ಧತಿ ಇದು. ಹೊಲದ ನಕ್ಷೆಯನ್ನು ಚೌಕಗಳಾಗಿ ಒಡೆದು, ಒಂದೊಂದು ಚೌಕದ ಮಣ್ಣಿನ ಬಣ್ಣ, ಹದ, ಆಳ ನೋಡುತ್ತಿದ್ದರು. ಚೌಕದ ಕೆಳಗಿನ ಎಡಮೂಲೆಯ ಚುಕ್ಕೆಗಳು ಮಣ್ಣಿನ ಜಾತಿಯನ್ನು, ಬಲಮೂಲೆಯ ಭಿನ್ನರಾಶಿ ಆಳವನ್ನು ಹೇಳುತ್ತವೆ. ನಯವಾದ ಎರೆ ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ 16 ಆಣೆ, ಅಂದರೆ ಪೂರ್ತಿ ಬೆಲೆಯ ಮೊದಲ ವರ್ಗ. ಇಳಿಜಾರಿನ ದೋಷ ಸೇರಿದರೆ ಒಂದು ವರ್ಗ ಇಳಿದು 14. ಸುಣ್ಣದ ಹರಳೂ ಸೇರಿದರೆ 12. ಒಂಬತ್ತನೆಯ ವರ್ಗಕ್ಕೆ ಬರೀ 2 ಆಣೆ. ಮಳೆ ಮತ್ತು ಪೇಟೆಯ ದೂರ ನೋಡಿ ಊರುಗಳ ಗುಂಪಿಗೆ ಒಂದು ಗರಿಷ್ಠ ದರ ಕಟ್ಟುತ್ತಿದ್ದರು. ದರ ಒಂದು ರೂಪಾಯಿಯಾದರೆ ಎಂಟಾಣೆ ಹೊಲದ ಎಕರೆಗೆ ಅರ್ಧ ರೂಪಾಯಿ ಆಕಾರ, ಅಂದರೆ ಕಂದಾಯ.

ಮಲಪ್ರಭೆಯ ದಂಡೆಯ ಎರೆ, ಬಾದಾಮಿ ಗುಡ್ಡದ ಸೆರಗಿನ ಮರಳುಮಣ್ಣು, ಮಸಾರಿ, ಮಡ್ಡಿ ಎಲ್ಲವೂ ಹೀಗೆ ಗೆರೆ-ಚುಕ್ಕೆಗಳಲ್ಲಿ ದಾಖಲಾದವು. ಆದರೆ ಆಕಾರ 30 ವರ್ಷಕ್ಕೆ ಖಾಯಂ, ಮಳೆ ಮಾತ್ರ ಖಾಯಂ ಅಲ್ಲ. ಆಳವಾದ ಎರೆಗೆ ಹಿಂಗಾರಿ ಕೈಕೊಟ್ಟರೆ ಹದಿನಾರಾಣೆ ಹೊಲವೂ ಬಿತ್ತದೆ ಬೀಳುತ್ತದೆ. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ಜನ, ದನ ಎರಡನ್ನೂ ಕಳೆದುಕೊಂಡಿತು. ಮಣ್ಣನ್ನು ಇಷ್ಟು ಸೂಕ್ಷ್ಮವಾಗಿ ಅಳೆದ ಪದ್ಧತಿ ಮಳೆಯ ಏರುಪೇರನ್ನು ರೈತನ ತಲೆಗೇ ಬಿಟ್ಟಿತ್ತು. ಇದು ಅದರ ಮೂಲದೋಷವೆಂದೇ ನನ್ನ ತೀರ್ಮಾನ. ಖಾತೆದಾರನ ಹೆಸರು ಹಿಡಿದ ಪುಸ್ತಕದಲ್ಲಿ ಕೂಲಿಯವರಿಗೆ, ಕಳೆ ತೆಗೆದ ಹೆಂಗಸರಿಗೆ ಕಾಲಮ್ಮೇ ಇರಲಿಲ್ಲ.

ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಈ ಸೀಮೆಯ ಎಷ್ಟೋ ಸರ್ವೆ ನಂಬರುಗಳು ಮುಳುಗಿವೆ. ಆ ಹೊಲಗಳಿಗೆ ಹೋಗಿ ಮಣ್ಣು ನೋಡುವ ಅವಕಾಶ ಇನ್ನಿಲ್ಲ. ಮುಳುಗಡೆ ಊರುಗಳ ಹಳೆಯ ಪ್ರತವಾರಿ ಪುಸ್ತಕಗಳನ್ನು ಮೊದಲು ಸ್ಕ್ಯಾನ್ ಮಾಡಿಸಬೇಕು. ಆ ಹೊಲಗಳನ್ನು ಉತ್ತವರು ಬದುಕಿರುವಾಗಲೇ ಅವರನ್ನು ಕೂರಿಸಿಕೊಂಡು ಓದಿಸಬೇಕು.