ಅಧ್ಯಕ್ಷರ ಕೈ ತಡೆದ ಉಕ್ಕಿನ ಮೊಕದ್ದಮೆ

ಅಮೆರಿಕದ ಅಧ್ಯಕ್ಷರು ಏನೆಲ್ಲ ಮಾಡಬಹುದು ಎಂದು ವಿದ್ಯಾರ್ಥಿಗಳಿಗೆ ಕಲಿಸುವುದು ಸುಲಭವಲ್ಲ. ಅಲ್ಲಿನ ಸಂವಿಧಾನದ ಎರಡನೆಯ ವಿಧಿ ಬಹು ಚಿಕ್ಕದು. ಕಾರ್ಯಾಂಗದ ಅಧಿಕಾರ ಅಧ್ಯಕ್ಷರದು, ಸೇನೆಗೆ ಅವರೇ ದಂಡನಾಯಕರು, ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ಅವರು ನೋಡಿಕೊಳ್ಳಬೇಕು ಎನ್ನುತ್ತದೆ. ಈ ಅಧಿಕಾರದ ಗಡಿ ಎಲ್ಲಿ ಎಂಬ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರವಿಲ್ಲ. ಆದ್ದರಿಂದಲೇ ಅಲ್ಲಿನ ಕಾನೂನು ಕಾಲೇಜುಗಳ ಮೇಷ್ಟರುಗಳು 1952ರ ಒಂದು ಮೊಕದ್ದಮೆಯ ಮೊರೆ ಹೋಗುತ್ತಾರೆ.

ಕೊರಿಯಾ ಯುದ್ಧ ನಡೆಯುತ್ತಿದ್ದ ಕಾಲ. ಉಕ್ಕಿನ ಕಾರ್ಖಾನೆಗಳ ಕಾರ್ಮಿಕರು ಹೆಚ್ಚಿನ ಕೂಲಿ ಕೇಳಿದರು. ಉಕ್ಕಿನ ಬೆಲೆ ಏರಿಸಲು ಬಿಡದೆ ಕೂಲಿ ಏರಿಸಲಾರೆವು ಎಂದರು ಮಾಲೀಕರು. ಏಪ್ರಿಲ್ 9ರಂದು ಮುಷ್ಕರ ಆರಂಭವಾಗಬೇಕಿತ್ತು. ಹಿಂದಿನ ರಾತ್ರಿಯೇ ಅಧ್ಯಕ್ಷ ಹ್ಯಾರಿ ಟ್ರೂಮನ್ ರಾಷ್ಟ್ರವನ್ನು ಉದ್ದೇಶಿಸಿ ಮಾತನಾಡಿ, ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವಂತೆ ವಾಣಿಜ್ಯ ಕಾರ್ಯದರ್ಶಿ ಚಾರ್ಲ್ಸ್ ಸಾಯರ್ ಅವರಿಗೆ ಆದೇಶಿಸಿದರು. ಉಕ್ಕಿಲ್ಲದೆ ಯುದ್ಧವಿಲ್ಲ ಎಂಬುದು ಅವರ ವಾದ.

ಅವರ ಕೈಯಲ್ಲಿ ಬೇರೆ ಅಸ್ತ್ರವೇ ಇರಲಿಲ್ಲವೆಂದಲ್ಲ. ಮುಷ್ಕರವನ್ನು 80 ದಿನಗಳವರೆಗೆ ತಡೆಹಿಡಿಸಲು ಅವಕಾಶವಿದ್ದ 1947ರ ಟ್ಯಾಫ್ಟ್–ಹಾರ್ಟ್ಲಿ ಕಾಯಿದೆ ಇತ್ತು. ಆದರೆ ಅದು ಸ್ವತಃ ಟ್ರೂಮನ್ ನಿರಾಕರಿಸಿದರೂ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮತ್ತೆ ಅಂಗೀಕರಿಸಿದ್ದ ಕಾಯಿದೆ. ತಾವು ಒಪ್ಪದ ಆ ಕಾಯಿದೆಯನ್ನು ಅವರು ಮುಟ್ಟಲಿಲ್ಲ. ಕಾರ್ಖಾನೆಗಳ ವಶದ ಅಧಿಕಾರವನ್ನು ಕಾಂಗ್ರೆಸ್ ಆಗಲೇ ಚರ್ಚಿಸಿ ಕೈಬಿಟ್ಟಿತ್ತು ಎಂಬುದು ಮುಂದೆ ಅವರಿಗೆ ಮುಳುವಾಯಿತು.

ಕೆಲವೇ ದಿನಗಳಲ್ಲಿ ಪತ್ರಕರ್ತರೊಬ್ಬರು ಕೇಳಿದರು: ಹಾಗಾದರೆ ಪತ್ರಿಕೆಗಳನ್ನೂ ರೇಡಿಯೊ ಕೇಂದ್ರಗಳನ್ನೂ ವಶಪಡಿಸಿಕೊಳ್ಳಬಹುದೇ? ಅಂಥ ಸಂದರ್ಭ ಬಂದರೆ ದೇಶಕ್ಕೆ ಯಾವುದು ಒಳ್ಳೆಯದೋ ಅದನ್ನು ಅಧ್ಯಕ್ಷರು ಮಾಡಬೇಕಾಗುತ್ತದೆ ಎಂಬರ್ಥದ ಉತ್ತರ ಕೊಟ್ಟರು ಟ್ರೂಮನ್. 'ಇಲ್ಲ' ಎಂಬ ಒಂದು ಪದ ಸಾಕಿತ್ತು, ಅದು ಬರಲಿಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ಸರ್ಕಾರದ ವಕೀಲರು ಇನ್ನೂ ಮುಂದೆ ಹೋಗಿ, ಅಧ್ಯಕ್ಷರಿಗೆ ಚುನಾವಣೆ ಮತ್ತು ಮಹಾಭಿಯೋಗ ಇವೆರಡೇ ಮಿತಿ ಎಂದುಬಿಟ್ಟರು. ನ್ಯಾಯಾಧೀಶ ಡೇವಿಡ್ ಪೈನ್ ಏಪ್ರಿಲ್ 29ರಂದು ಆದೇಶವನ್ನು ತಳ್ಳಿಹಾಕಿದರು.

ಸುಪ್ರೀಂ ಕೋರ್ಟಿನಲ್ಲಾದರೂ ಟ್ರೂಮನ್ ಅವರಿಗೆ ಭರವಸೆಯಿತ್ತು. ಒಂಬತ್ತು ನ್ಯಾಯಮೂರ್ತಿಗಳೂ ಅವರಿಂದಲೋ ಅವರದೇ ಪಕ್ಷದ ರೂಸ್‌ವೆಲ್ಟ್ ಅವರಿಂದಲೋ ನೇಮಕಗೊಂಡವರು. ಜೂನ್ 2ರಂದು ತೀರ್ಪು ಬಂತು: ಆರು–ಮೂರು, ಅಧ್ಯಕ್ಷರ ವಿರುದ್ಧ! ಟ್ರೂಮನ್ ತಾವೇ ನೇಮಿಸಿದ ನಾಲ್ವರಲ್ಲಿ ಇಬ್ಬರು ಎದುರು ಬಣದಲ್ಲಿದ್ದರು. ಬಹುಮತದ ತೀರ್ಪು ಬರೆದ ಹ್ಯೂಗೊ ಬ್ಲ್ಯಾಕ್, ಕಾನೂನು ಮಾಡುವ ಕೆಲಸ ಕಾಂಗ್ರೆಸ್ಸಿನದೇ ಹೊರತು ಅಧ್ಯಕ್ಷರದಲ್ಲ ಎಂದರು. ಟ್ರೂಮನ್ ಕಾರ್ಖಾನೆಗಳನ್ನು ಮರಳಿಸಿದರು. ಏಳು ವಾರಕ್ಕೂ ಮಿಕ್ಕಿ ಮುಷ್ಕರ ನಡೆಯಿತು.

ಆದರೆ ತರಗತಿಗಳಲ್ಲಿ ಉಳಿದುಕೊಂಡಿದ್ದು ಬ್ಲ್ಯಾಕ್ ಅವರ ತೀರ್ಪಿಗಿಂತ ಹೆಚ್ಚಾಗಿ ರಾಬರ್ಟ್ ಜಾಕ್ಸನ್ ಅವರ ಪ್ರತ್ಯೇಕ ಸಹಮತ. ಹಿಂದೆ ರೂಸ್‌ವೆಲ್ಟ್ ಅವರ ಅಟಾರ್ನಿ ಜನರಲ್ ಆಗಿ, 1941ರಲ್ಲಿ ವಿಮಾನ ಕಾರ್ಖಾನೆಯೊಂದರ ವಶವನ್ನು ಸಮರ್ಥಿಸಿದ್ದವರು ಇವರೇ! ಕುರ್ಚಿ ಬದಲಾದಾಗ ನೋಟವೂ ಬದಲಾಯಿತೆಂದು ಹಂಗಿಸಬಹುದು. ಅಧಿಕಾರವನ್ನು ಒಳಗಿನಿಂದ ಕಂಡವರಿಗೇ ಅದರ ಅಪಾಯ ಗೊತ್ತು ಎಂದೂ ಹೇಳಬಹುದು. ಕಾಂಗ್ರೆಸ್ಸಿನ ಒಪ್ಪಿಗೆ ಇದ್ದರೆ ಅಧ್ಯಕ್ಷರ ಬಲ ಅತ್ಯಧಿಕ. ಕಾಂಗ್ರೆಸ್ ಮೌನವಾಗಿದ್ದರೆ ಅದು ಮಬ್ಬುಗತ್ತಲಿನ ವಲಯ. ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧ ನಡೆದರೆ ಬಲ ಅತ್ಯಲ್ಪ ಎಂದು ಅವರು ಮೂರು ಪಾಲು ಮಾಡಿದರು. ಉಕ್ಕಿನ ಆದೇಶ ಬಿದ್ದದ್ದು ಮೂರನೆಯದರಲ್ಲಿ. ಯಾವುದೇ ಹೊಸ ಆದೇಶ ಹೊರಟಾಗ ಇದು ಯಾವ ಪಾಲಿಗೆ ಸೇರುತ್ತದೆಂದು ಮೇಷ್ಟರು ಕೇಳುವುದು ಅಂದಿನಿಂದ ಬಂದ ರೂಢಿ.

ಉತ್ತರ ಯಾವಾಗಲೂ ನಿರಾಯಾಸವಲ್ಲ. ಇರಾನಿನ ಒತ್ತೆಯಾಳುಗಳ ಬಿಡುಗಡೆಗಾಗಿ ಮಾಡಿಕೊಂಡ ಒಪ್ಪಂದದಂತೆ ಅಧ್ಯಕ್ಷರು ಹೊರಡಿಸಿದ್ದ ಆದೇಶಗಳನ್ನು 1981ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಕಾಂಗ್ರೆಸ್ಸಿನ ಸ್ಪಷ್ಟ ಅನುಮತಿ ಎಲ್ಲದಕ್ಕೂ ಇಲ್ಲದಿದ್ದರೂ. ವಾಸ್ತವದ ಮೊಕದ್ದಮೆಗಳು ಮೂರು ಗೂಡುಗಳಲ್ಲಿ ಅಚ್ಚುಕಟ್ಟಾಗಿ ಕೂರುವುದಿಲ್ಲ, ಎಲ್ಲೋ ನಡುವೆ ನಿಲ್ಲುತ್ತವೆ ಎಂದಿತು ಆ ತೀರ್ಪು. ಅದನ್ನು ಬರೆದವರು ವಿಲಿಯಂ ರೆಂಕ್ವಿಸ್ಟ್. 1952ರಲ್ಲಿ ಅವರು ಇದೇ ಜಾಕ್ಸನ್ ಅವರ ಬಳಿ ಗುಮಾಸ್ತರಾಗಿದ್ದ ತರುಣ.