ನಂದಿಯ ಸೀಮೆಯ ಚರಿತ್ರೆಯಲ್ಲಿ ಪ್ರೀತಿಯ ವಿಚಾರ

ಪ್ರೀತಿಯೆಂದರೇನೆಂಬ ಪ್ರಶ್ನೆಯನ್ನು ಕವಿಗಳಿಗೂ ವೇದಾಂತಿಗಳಿಗೂ ಬಿಟ್ಟುಕೊಟ್ಟು, ಚರಿತ್ರಕಾರನು ಅರಸರ ವಂಶಾವಳಿಗಳನ್ನೂ ಕಾಳಗಗಳ ತಿಥಿಗಳನ್ನೂ ಎಣಿಸುತ್ತ ಕುಳಿತುಕೊಳ್ಳುವುದು ವಾಡಿಕೆಯಾಗಿದೆ. ಆದರೆ ಜನರು ಯಾವುದನ್ನು ಪ್ರೀತಿಯೆಂದು ತಿಳಿದರು, ಅದಕ್ಕಾಗಿ ತಮ್ಮದೇನನ್ನು ಕೊಟ್ಟರು, ಅದರ ಹೆಸರಿನಲ್ಲಿ ಇತರರಿಂದ ಏನನ್ನು ಕೇಳಿದರು ಎಂಬುದೂ ಚರಿತ್ರೆಯೇ ಅಹುದು. ನಮ್ಮ ನುಡಿಯಲ್ಲಿ ಈ ಒಂದು ಭಾವಕ್ಕೆ ಹಲವು ಹೆಸರುಗಳುಂಟು. ಮಕ್ಕಳಲ್ಲಿ ತೋರುವುದು ಅಕ್ಕರೆ, ಗೆಳೆಯರಲ್ಲಿ ನೇಹ, ದಂಪತಿಗಳಲ್ಲಿ ಒಲವು, ದೇವರಲ್ಲಿ ಭಕ್ತಿ. ತನ್ನದೆಂಬ ಹಿಡಿತವು ಬಲಿತಾಗ ಅದೇ ಮೋಹ. ಹೆಸರುಗಳು ಇಷ್ಟಿರುವುದರಿಂದಲೇ ಒಂದನ್ನು ಮತ್ತೊಂದೆಂದು ಭ್ರಮಿಸುವ ಸಂಭವವೂ ಹೆಚ್ಚು. ಈ ಭೇದವನ್ನು ತಿಳಿಯಲು ಶಾಸ್ತ್ರಗ್ರಂಥಗಳನ್ನೇ ನೋಡಬೇಕೆಂಬುದಿಲ್ಲ. ಒಂದು ಸೀಮೆಯ ಗುಡಿ, ಕಲ್ಲು, ಕಥೆ, ಆಚಾರಗಳನ್ನು ವಿಚಾರಿಸಿದರೂ ಸಾಕೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬೀ ನಾಲ್ಕು ತಾಲ್ಲೂಕುಗಳು ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದು, 2007ರಲ್ಲಿ ಹೊಸದಾಗಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯೊಳಗೆ ಬಂದಿವೆ. ಬಾಣರು, ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು, ಆವತಿಯ ನಾಡಪ್ರಭುಗಳು ಇವರೆಲ್ಲರ ಆಳಿಕೆಯನ್ನು ಕಂಡ ನೆಲವಿದು. ಕನ್ನಡ ತೆಲುಗುಗಳೆರಡೂ ಒಂದೇ ಅಂಗಳದಲ್ಲಿ ಕೇಳಿಬರುವ ಸೀಮೆಯೂ ಅಹುದು.

ಮೊದಲು ನಂದಿಗ್ರಾಮದ ಗುಡಿಯನ್ನು ನೋಡೋಣ. ಇಲ್ಲಿಯ ಶಿವಾಲಯದ ಪ್ರಸ್ತಾಪವು ಸುಮಾರು 806ರ, ನೊಳಂಬಾಧಿರಾಜನ ಮತ್ತು ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ ಶಾಸನಗಳಲ್ಲಿಯೇ ಬರುತ್ತದೆ. ಬಾಣರಾಣಿಯಾದ ರತ್ನಾವಳಿಯು ಇದನ್ನು ಕಟ್ಟಿಸಿದಳೆಂದು ಪ್ರಸಿದ್ಧಿಯುಂಟು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬೆರಡು ಗುಡಿಗಳು ಅಕ್ಕಪಕ್ಕದಲ್ಲಿದ್ದು, ನಡುವೆ ಉಮಾಮಹೇಶ್ವರರ ಚಿಕ್ಕ ಗುಡಿಯೂ ಅದರ ಮುಂದೆ ಕರಿಯ ಕಲ್ಲಿನ ಕಲ್ಯಾಣಮಂಟಪವೂ ಇವೆ. ಸುಮಾರು 4850 ಅಡಿ ಎತ್ತರದ ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರನಿದ್ದಾನೆ. ಅರುಣಾಚಲೇಶ್ವರನು ಶಿವನ ಬಾಲ್ಯವೆಂದೂ, ಭೋಗನಂದೀಶ್ವರನು ತಾರುಣ್ಯವೆಂದೂ, ಉಮಾಮಹೇಶ್ವರರು ದಾಂಪತ್ಯವೆಂದೂ, ಯೋಗನಂದೀಶ್ವರನು ವೈರಾಗ್ಯವೆಂದೂ ಸ್ಥಳದವರು ಹೇಳುವರು. ಬೆಟ್ಟ ಹತ್ತಿದವನು ಕೆಳಗಿನ ಗುಡಿಯನ್ನು ಹಳಿಯುವುದಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಶಿವರಾತ್ರಿಯ ತೇರು ಕೆಳಗೇ ಎಳೆಯಲ್ಪಡುತ್ತದೆ. ನಾಲ್ಕು ಸನ್ನಿಧಿಗಳಿಗೂ ಪೂಜೆಯುಂಟು. ಅಕ್ಕರೆ, ಒಲವು, ವಿರಕ್ತಿಗಳು ಒಂದನ್ನೊಂದು ಅಳಿಸುವ ಶತ್ರುಗಳಲ್ಲ, ಒಂದೇ ತತ್ತ್ವದ ವಯೋಭೇದಗಳು ಎಂಬ ತಿಳಿವಳಿಕೆ ಈ ಜನರಲ್ಲಿ ಇದ್ದಿತೆಂದು ಇದರಿಂದ ಊಹಿಸಬಹುದು.

ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಮಹಾಭಾರತದ ಏಕಚಕ್ರಪುರವೆಂದು ಸ್ಥಳಪುರಾಣವು ಹೇಳುತ್ತದೆ. ಅಲ್ಲಿ ಭೀಮೇಶ್ವರನ ಗುಡಿಯೂ ಇದೆ. ಭೀಮನು ಬಕನನ್ನು ಕೊಂದ ಸಂಗತಿಯನ್ನು ಎಲ್ಲರೂ ಬಲ್ಲರು. ಅದಕ್ಕೆ ಮುನ್ನ ಆ ಬ್ರಾಹ್ಮಣನ ಮನೆಯಲ್ಲಿ ನಡೆದ ಮಾತುಕತೆಯನ್ನು ನೆನೆಯುವವರು ಕಡಿಮೆ. ಮನೆಯಿಂದ ಒಬ್ಬರು ಬಕನಿಗೆ ಆಹಾರವಾಗಬೇಕಾಗಿ ಬಂದಾಗ ತಂದೆಯು ತಾನು ಹೋಗುವೆನೆಂದನು, ತಾಯಿಯು ತಾನೆಂದಳು, ಮಗಳು ತಾನೆಂದಳು. ತೊದಲುವ ಕೂಸೊಂದು ಹುಲ್ಲುಕಡ್ಡಿಯನ್ನೆತ್ತಿ ಇದರಿಂದಲೇ ರಾಕ್ಷಸನನ್ನು ಕೊಲ್ಲುವೆನೆಂದಿತು. ಮತ್ತೊಬ್ಬರನ್ನು ಕಳುಹಿಸೋಣವೆಂದು ಯಾರೂ ಹೇಳಲಿಲ್ಲ. ಇದು ಮನೆಯೊಳಗಿನ ಪ್ರೀತಿ. ಗೋಡೆಯಾಚೆ ಅದನ್ನು ಕೇಳಿದ ಕುಂತಿಯು ಆಶ್ರಯವಿತ್ತವರ ಋಣವನ್ನು ನೆನೆದು ತನ್ನ ಮಗನನ್ನೇ ಕಳುಹಿಸಲು ಮುಂದಾದಳು. ಅವನ ಬಲವನ್ನು ಅವಳು ಬಲ್ಲಳು, ಅಹುದು. ಆದರೂ ಧರ್ಮರಾಯನು ಕೇಳಿ ತಲ್ಲಣಿಸಿದನೆಂಬುದರಿಂದ ಅಪಾಯವು ಸುಳ್ಳಲ್ಲವೆಂದು ತೋರುತ್ತದೆ. ರಕ್ತಸಂಬಂಧದ ಎಲ್ಲೆಯನ್ನು ಪ್ರೀತಿಯು ಇಲ್ಲಿ ದಾಟಿತು.

ಇನ್ನು ಇದಕ್ಕಿಂತ ಕಠಿನವಾದ ಸಂಗತಿಗಳಿಗೆ ಬರೋಣ. ಚಿಕ್ಕಬಳ್ಳಾಪುರವನ್ನು 1479ರ ಸುಮಾರಿಗೆ ಮಲ್ಲಬೈರೇಗೌಡನು ಕಟ್ಟಿದನೆಂಬುದು ಪ್ರತೀತಿ. ಅವನ ಹಿರಿಯರಾದ ಆವತಿಯವರು ಕಂಚಿಯ ಕಡೆಯಿಂದ ಬಂದುದಕ್ಕೆ ಒಂದು ಕಾರಣವನ್ನು ಹೇಳುವರು. ಅವರ ಮನೆಯ ಹೆಣ್ಣುಮಗಳೊಬ್ಬಳನ್ನು ಪ್ರಬಲನಾದ ಅನ್ಯಕುಲದವನೊಬ್ಬನು ಬಲಾತ್ಕಾರದಿಂದ ಮದುವೆಯಾಗಬಯಸಿದನಂತೆ. ಅವರು ಹೊಲಮನೆಗಳನ್ನು ತೊರೆದು, ರಾತ್ರೋರಾತ್ರಿ ಬಂಡಿಗಳಲ್ಲಿ ಹೊರಟು, ತುಂಬಿ ಹರಿಯುತ್ತಿದ್ದ ಪಾಲಾರ್ ನದಿಯು ದಾರಿ ಬಿಡಲು ಈಚೆಗೆ ಬಂದರಂತೆ. ಮಗಳಿಗಾಗಿ ಊರನ್ನೇ ಬಿಟ್ಟವರ ಅಕ್ಕರೆಯನ್ನು ಯಾರು ತಾನೇ ಅಲ್ಲಗಳೆದಾರು? ಆದರೆ ಈ ಕಥೆಯಲ್ಲಿ ಕೇಳಿದವನ ಬಯಕೆಯುಂಟು, ಕೊಡದವರ ಮಾನವುಂಟು. ಆ ಹುಡುಗಿಯ ಮನಸ್ಸೇನಿದ್ದಿತೆಂಬ ಮಾತು ಮಾತ್ರ ಒಂದೂ ಇಲ್ಲ. ಅಪಹರಿಸಬಂದವನ ಮೋಹವು ಪ್ರೀತಿಯಲ್ಲವೆಂಬುದು ಸ್ಪಷ್ಟ. ಕಾಪಾಡಿದವರ ಪ್ರೀತಿಯಲ್ಲಿ ಕುಲಾಭಿಮಾನವೆಷ್ಟು, ಮಗಳ ಹಿತವೆಷ್ಟು ಎಂಬುದನ್ನು ಕಥೆಯು ಬೇರ್ಪಡಿಸಿ ಹೇಳುವುದಿಲ್ಲ.

ಮೊರಸುನಾಡಿನ ಒಕ್ಕಲಿಗರ ಒಂದು ಪಂಗಡದಲ್ಲಿ ಹಿಂದೆ ನಡೆಯುತ್ತಿದ್ದ ಬೆರಳು ಕೊಡುವ ಪದ್ಧತಿಯು ಇದಕ್ಕಿಂತಲೂ ಹೆಚ್ಚಾಗಿ ವಿಚಾರಕ್ಕೆ ಎಡೆಗೊಡುತ್ತದೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನನು ಇದನ್ನು ಬರೆದಿಟ್ಟಿದ್ದಾನೆ. ಇದರ ಮೂಲಕಥೆ ಹೀಗಿದೆ: ಭಸ್ಮಾಸುರನಿಗೆ ಅಂಜಿ ಶಿವನು ಪೊದೆಯಲ್ಲಿ ಅಡಗಿದ್ದಾಗ, ಹೊಲದಲ್ಲಿದ್ದ ಒಕ್ಕಲಿಗನು ಬಾಯಿಂದ ಹೇಳದೆ ಬೆರಳಿನಿಂದ ಆ ತಾಣವನ್ನು ತೋರಿಸಿಬಿಟ್ಟನು. ಆಮೇಲೆ ಶಿವನು ಆ ಬೆರಳನ್ನು ದಂಡವಾಗಿ ಕೇಳಲು, ಬುತ್ತಿ ತಂದ ಹೆಂಡತಿಯು, ಗಂಡನ ಕೈ ಊನವಾದರೆ ಬೇಸಾಯ ಕೆಡುವುದು, ಅದಕ್ಕೆ ಬದಲಾಗಿ ತನ್ನ ಎರಡು ಬೆರಳುಗಳನ್ನು ತೆಗೆದುಕೊಳ್ಳಬೇಕೆಂದು ಬೇಡಿಕೊಂಡಳು. ಅಂದಿನಿಂದ ಆ ಪಂಗಡದ ಹೆಂಗಸರು ಹಿರಿಯ ಮಗಳ ಕಿವಿ ಚುಚ್ಚುವುದಕ್ಕೆ ಮುನ್ನ ತಮ್ಮ ಎರಡು ಬೆರಳುಗಳ ತುದಿಗಿಣ್ಣನ್ನು ಕಡಿಸಿಕೊಳ್ಳುತ್ತಿದ್ದರು. 19ನೆಯ ಶತಮಾನದಲ್ಲಿ ಮೈಸೂರು ಸರಕಾರವು ಇದನ್ನು ನಿಷೇಧಿಸಿತು. ಅನಂತರ ಬೆರಳಿಗೆ ಚಿನ್ನ ಬೆಳ್ಳಿಯ ತಂತಿಯನ್ನು ಸುತ್ತಿ ಬಿಚ್ಚುವುದರಿಂದ ಆಚಾರವು ತೀರುತ್ತಿತ್ತು.

ಇದನ್ನು ಹೇಳಿದ್ದು ಯಾವ ಸಮಾಜವನ್ನೂ ಹಳಿಯುವುದಕ್ಕಾಗಿ ಅಲ್ಲ. ಇಂತಹ ಕಠಿನ ಆಚಾರಗಳು ಎಲ್ಲ ಕುಲಗಳಲ್ಲಿಯೂ ಒಂದಲ್ಲ ಒಂದು ಬಗೆಯಲ್ಲಿ ಇದ್ದವು. ವಿಚಾರಿಸತಕ್ಕ ಮಾತು ಬೇರೆ. ಕಥೆಯ ಆ ಮೊದಲ ಹೆಂಗಸು ಯಾರೂ ಕೇಳದೆ ತಾನಾಗಿ ಕೊಟ್ಟಳು. ಆಕೆ ಕೊಟ್ಟದ್ದು ಪ್ರೀತಿಯಿಂದಲೆಂದು ಒಪ್ಪಲು ಅಡ್ಡಿಯಿಲ್ಲ. ಆಕೆಯ ತರುವಾಯ ಬಂದ ಸೊಸೆಯಂದಿರನ್ನು ಕೇಳಿದವರಾರು? ಒಬ್ಬಳ ಕಾಣಿಕೆಯು ಎಲ್ಲರ ಮೇಲಣ ಕಂದಾಯವಾಯಿತು. ತಪ್ಪು ಮಾಡಿದ ಬೆರಳು ಗಂಡನದು, ಕಡಿಯಲ್ಪಟ್ಟ ಬೆರಳು ಹೆಂಡತಿಯದು; ಅದೂ ತಲೆಮಾರು ತಲೆಮಾರಿಗೆ. ನಮ್ಮ ನಾಡಿನ ಊರಹೊರಗೆ ನಿಂತಿರುವ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳನ್ನು ಕಂಡಾಗಲೂ ಈ ಪ್ರಶ್ನೆಯೇ ಏಳುತ್ತದೆ. ಅವರಲ್ಲಿ ಒಲವಿನಿಂದ ಹೋದವರೆಷ್ಟು ಮಂದಿ, ಒತ್ತಾಯದಿಂದ ಹೋದವರೆಷ್ಟು ಮಂದಿ ಎಂಬುದನ್ನು ಕಲ್ಲು ಹೇಳಲಾರದು. ಪ್ರೀತಿಯನ್ನು ರೂಢಿಯಾಗಿ ವಿಧಿಸಿದೊಡನೆ ಅದು ಪ್ರೀತಿಯಾಗಿ ಉಳಿಯುವುದಿಲ್ಲ ಎಂಬಷ್ಟನ್ನು ಮಾತ್ರ ನಾವು ನಿಶ್ಚಯವಾಗಿ ಹೇಳಬಹುದು.

ಆರೈಕೆಯೇ ಪ್ರೀತಿಯೆಂದು ಕೆಲವರು ಹೇಳುವುದುಂಟು. ಶಿಡ್ಲಘಟ್ಟದ ರೇಷ್ಮೆಯ ಕಸುಬನ್ನು ಬಲ್ಲವರು ಇದಕ್ಕೆ ಉತ್ತರ ಹೇಳಬಲ್ಲರು. ಹುಳು ಸಾಕುವ ಮನೆಯವರು ಸುಮಾರು ನಾಲ್ಕು ವಾರ ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪನ್ನು ಹಾಕಿ, ನಾಲ್ಕು ಜ್ವರಗಳನ್ನು ದಾಟಿಸಿ, ಗಾಳಿ ಬೆಳಕು ಬಿಸಿಲುಗಳನ್ನು ಅಳೆದು ಬಿಟ್ಟು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವರು. ಹೆತ್ತ ಮಗುವಿಗೂ ಅಷ್ಟು ಎಚ್ಚರ ವಹಿಸುವರೋ ಇಲ್ಲವೋ! ಆದರೆ ಗೂಡು ಕಟ್ಟಿದ ಮೇಲೆ ಅದನ್ನು ಮಾರುಕಟ್ಟೆಗೆ ಒಯ್ಯುವರು; ನೂಲು ತೆಗೆಯುವವರು ಬಿಸಿನೀರಿನಲ್ಲಿ ಹಾಕುವರು. ಇದು ಕಸುಬಿನ ಧರ್ಮ, ಹೊಟ್ಟೆಯ ದಾರಿ. ಇದರಲ್ಲಿ ದೋಷವನ್ನು ಎಣಿಸಬೇಕಾದುದಿಲ್ಲ. ಆದರೆ ಮಕ್ಕಳನ್ನಾಗಲಿ ಮಡದಿಯನ್ನಾಗಲಿ ಮುಂದೆ ಬರುವ ನೂಲಿಗಾಗಿ ಸಾಕುವವನು ಅದನ್ನು ಪ್ರೀತಿಯೆಂದು ಕರೆಯಲಾಗದು.

ಈ ವಿವೇಕವನ್ನು 12ನೆಯ ಶತಮಾನದ ಶರಣರು ನಮ್ಮ ನಾಡಿನಲ್ಲಿ ಅತ್ಯಂತ ತೀಕ್ಷ್ಣವಾಗಿ ಆಡಿ ತೋರಿಸಿದರು. ಉಡುತಡಿಯ ಮಹಾದೇವಿಯಕ್ಕನನ್ನು ಕೌಶಿಕನು ಬಯಸಿದನು. ಹರಿಹರನು ತನ್ನ ರಗಳೆಯಲ್ಲಿ, ಆಕೆ ನಿಬಂಧನೆಗಳನ್ನು ವಿಧಿಸಿ ಅವನ ಮನೆ ಸೇರಿದಳೆಂದೂ ಅವನು ಅವುಗಳನ್ನು ಮುರಿಯಲು ಹೊರಟುಬಿಟ್ಟಳೆಂದೂ ಹೇಳುತ್ತಾನೆ. ಚಾಮರಸನ ಪ್ರಭುಲಿಂಗಲೀಲೆಯು ಮದುವೆಯನ್ನೇ ಒಪ್ಪುವುದಿಲ್ಲ. ಯಾವುದು ನಿಜವಾದರೂ, ಆವತಿಯ ಕಥೆಯಲ್ಲಿ ಕೇಳಿಸದ ಹೆಣ್ಣಿನ ದನಿಯು ಇಲ್ಲಿ ಕೇಳಿಸುತ್ತದೆ. ಆಕೆಯ ಒಲವು ಚೆನ್ನಮಲ್ಲಿಕಾರ್ಜುನನಲ್ಲಿ ನೆಲಸಿತು. ಅದನ್ನು ಆಯ್ದುಕೊಂಡವಳು ಆಕೆಯೇ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಗಂಡಸರೂ ತಮ್ಮನ್ನು ಸತಿಯೆಂದೇ ಎಣಿಸಿಕೊಂಡುದರಿಂದ, ಒಡೆತನದ ಹಮ್ಮು ಅಲ್ಲಿ ನಿಲ್ಲಲಿಲ್ಲ. ಈ ಪ್ರೀತಿಯು ಲೋಕದಲ್ಲಿ ದಾಸೋಹವಾಯಿತು: ತನ್ನ ಕಾಯಕದಿಂದ ಬಂದುದನ್ನು ಕೊಡುವುದು, ಕೊಟ್ಟೆನೆಂಬುದನ್ನು ಮರೆಯುವುದು.

ಈ ಸೀಮೆಯಲ್ಲಿಯೇ ಅದಕ್ಕೆ ಸಮೀಪವಾದ ಬಾಳನ್ನು ಬೇರೊಂದು ಮಾರ್ಗದವರಾದ ಕೈವಾರದ ನಾರೇಯಣ ಯತಿಗಳಲ್ಲಿ ಕಾಣುತ್ತೇವೆ. 1726ರಿಂದ 1836ರವರೆಗೆ ಇದ್ದರೆಂದು ಪರಂಪರೆಯು ಹೇಳುವ ಈ ತಾತಯ್ಯನವರು ಮೊದಲಿಗೆ ಊರೂರು ತಿರುಗಿ ಬಳೆ ಮಾರುವ ಕಸುಬಿನವರು. ದುಡ್ಡಿಲ್ಲದ ಹೆಂಗಸರಿಗೂ ಬಳೆ ತೊಡಿಸಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದರೆಂದೂ, ಅದರಿಂದ ಮನೆಯಲ್ಲಿ ಜಗಳವಾಗುತ್ತಿತ್ತೆಂದೂ ಜನರು ಹೇಳುವರು. ಉದಾರಿಯ ಕೀರ್ತಿಯನ್ನು ಎಲ್ಲರೂ ಹಾಡುವರು. ಒಲೆ ಹೊತ್ತಿಸಬೇಕಾದ ಮಡದಿಯ ಕಷ್ಟವನ್ನು ನೆನೆಯುವವರಿಲ್ಲ. ಲೋಕಪ್ರೀತಿಗೂ ಮನೆಯ ಪ್ರೀತಿಗೂ ಇರುವ ಈ ತೊಡಕು ಸಾಧುಗಳ ಚರಿತ್ರೆಗಳಲ್ಲೆಲ್ಲ ಉಂಟು. ಅದನ್ನು ಮುಚ್ಚಿಡುವುದು ಚರಿತ್ರಕಾರನಿಗೆ ತಕ್ಕುದಲ್ಲ. ಮುಂದೆ ಅವರು ಗವಿಯಲ್ಲಿ ತಪಸ್ಸು ಮಾಡಿ, ಕನ್ನಡ ತೆಲುಗುಗಳೆರಡರಲ್ಲಿಯೂ ಹಾಡಿ, ಕುಲಭೇದವೆಣಿಸದೆ ಜನರಿಗೆ ಬೋಧಿಸಿದರು.

ಕೊನೆಯದಾಗಿ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ಉತ್ತರಪಿನಾಕಿನಿಯ ದಡದಲ್ಲಿರುವ ಈ ಕ್ಷೇತ್ರದಲ್ಲಿ, ವಿದುರನು ನೆಟ್ಟನೆಂಬ ಅಶ್ವತ್ಥವಿದ್ದ ಜಾಗದ ಸುತ್ತಲೂ, ಮಕ್ಕಳನ್ನು ಬಯಸಿದ ದಂಪತಿಗಳು ಹರಕೆಯಿಂದ ಪ್ರತಿಷ್ಠಿಸಿದ ನಾಗರಕಲ್ಲುಗಳು ಲೆಕ್ಕವಿಲ್ಲದಷ್ಟಿವೆ. 1938ರ ಏಪ್ರಿಲ್ 25ರಂದು, ನಿಷೇಧಾಜ್ಞೆಯಿದ್ದರೂ ರಾಷ್ಟ್ರಧ್ವಜವನ್ನು ಏರಿಸಬೇಕೆಂದು ಇಲ್ಲಿ ನೆರೆದ ಜನಸ್ತೋಮದ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯಲ್ಲಿ ಸರಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರವಿದ್ದಿತು. ಅದೇ ವರ್ಷ ಸರ್ದಾರ್ ಪಟೇಲರಿಗೂ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರಿಗೂ ಆದ ಒಪ್ಪಂದದಿಂದ ಸಂಸ್ಥಾನದಲ್ಲಿ ಧ್ವಜವನ್ನು ಹಾರಿಸಲು ಅವಕಾಶ ದೊರೆಯಿತು. ಮಕ್ಕಳಿಗಾಗಿ ಹರಕೆ ಹೊತ್ತ ಜಾಗದಲ್ಲಿಯೇ ಮನೆಗಳವರು ಮಕ್ಕಳನ್ನು ಕಳೆದುಕೊಂಡರು. ದೇಶಪ್ರೇಮವೆಂಬ ಮಾತನ್ನು ಪರರನ್ನು ಕೊಲ್ಲುವುದಕ್ಕೂ ಬಳಸುವುದುಂಟು. ಇಲ್ಲಿ ಪ್ರಾಣ ಕೊಟ್ಟವರಾದರೋ ಧ್ವಜದ ಹಕ್ಕನ್ನು ಕೇಳಲು ಬಂದವರು, ಯಾರ ಪ್ರಾಣವನ್ನೂ ಬೇಡಲು ಬಂದವರಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಪ್ರೀತಿಯ ಲಕ್ಷಣವನ್ನು ಒಂದು ಸೂತ್ರದಲ್ಲಿ ಹೇಳಲಾಗದಿದ್ದರೂ ಪರೀಕ್ಷೆಯೊಂದು ದೊರೆಯುತ್ತದೆ. ಅದರ ಬೆಲೆಯನ್ನು ತೆತ್ತವರಾರು? ತಾವಾಗಿ ತೆತ್ತರೋ, ತೆರಿಸಲ್ಪಟ್ಟರೋ? ಏಕಚಕ್ರದ ಮನೆಯವರೂ, ಅಕ್ಕನೂ, ವಿದುರಾಶ್ವತ್ಥದ ಜನರೂ ತಮ್ಮದನ್ನು ತಾವಾಗಿ ಕೊಟ್ಟರು. ಬೆರಳಿನ ಪದ್ಧತಿಯಲ್ಲಿಯೂ ಬಲಾತ್ಕಾರದ ಮದುವೆಯಲ್ಲಿಯೂ ಬೆಲೆ ತೆತ್ತವರು ಬೇರೆಯವರು. ಇಂದು ಬೆರಳನ್ನು ಯಾರೂ ಕೇಳುವುದಿಲ್ಲ, ಅಹುದು; ಆದರೆ ವಿದ್ಯೆಯನ್ನು, ಮನಮೆಚ್ಚಿದ ಸಂಗಾತಿಯನ್ನು, ಆಡಬೇಕೆಂದ ಮಾತನ್ನು ಮನೆತನದ ಪ್ರೀತಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಂದ ಕೇಳುವುದು ನಿಂತಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಈ ಪರೀಕ್ಷೆಯನ್ನು ಪ್ರಯೋಗಿಸಿಕೊಳ್ಳುವುದು ವಾಚಕಮಹಾಶಯರಿಗೆ ಸೇರಿದ್ದು.